ಒಂದು ವರ್ಷ, ಏಳು ಹಾಸು, ಮೂರು ಅಳತೆ

ಹೊಕ್ಕುನೂಲು:

ಮೊನ್ನೆ ಈ ವರ್ಷದ ಏಳನೇ ಹಾಸು (ಮಗ್ಗಕ್ಕೆ ಉದ್ದಕ್ಕೆ ಏರಿಸುವ ಎಳೆಗಳು) ಮುಗಿಯಿತು. ಮಗ್ಗ ಖಾಲಿ ಇದೆ. ಹೊಸದು ಸುತ್ತುವ ಮೊದಲು ವರ್ಷವಿಡೀ ನೇಯ್ದದ್ದನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಿದ್ದೇನೆ. ಪಕ್ಕದಲ್ಲಿ ನೋಟ್‌ಬುಕ್ ಇದೆ.

ವರ್ಷದ ಶುರುವಿನಲ್ಲಿ ಒಂದೇ ಒಂದು ನಿಯಮ ಹಾಕಿಕೊಂಡಿದ್ದೆ. ಏನೇ ನೇಯ್ದರೂ ಮೂರು ಸಲ ಅಳೆಯಬೇಕು. ಮಗ್ಗದ ಮೇಲೆ ಬಿಗಿಯಾಗಿರುವಾಗ ಒಂದು ಸಲ. ಇಳಿಸಿ ಒಂದು ರಾತ್ರಿ ಸುಮ್ನೆ ಬಿಟ್ಟ ಮೇಲೆ ಒಂದು ಸಲ. ಒಗೆದು ಒಣಗಿಸಿದ ಮೇಲೆ ಮತ್ತೊಂದು ಸಲ. ಅದಕ್ಕೂ ಮುಂಚೆ ನಾನು ಬಟ್ಟೆ ಹೇಗೆ ಬರುತ್ತಿದೆ ಅಂತ ಮಗ್ಗದ ಮೇಲೆ ನೋಡಿಯೇ ತೀರ್ಮಾನ ಮಾಡುತ್ತಿದ್ದೆ. ಮಗ್ಗದ ಮೇಲೆ ಎಲ್ಲವೂ ಚೆಂದವೇ ಕಾಣುತ್ತದೆ, ಅಲ್ವಾ? ಎಳೆಗಳೆಲ್ಲ ಎಳೆದು ಕಟ್ಟಿದ ಹಾಗೆ ನೆಟ್ಟಗಿರುತ್ತವೆ. ಅದು ಇನ್ನೂ ಬಟ್ಟೆ ಆಗಿರುವುದಿಲ್ಲ ಅನ್ನುವುದು ನನಗೆ ಈ ವರ್ಷ ಮನಸ್ಸಿಗೆ ನಾಟಿತು. ನೀರಿಗೆ ಬಿದ್ದ ಮೇಲೆಯೇ ಅದು ಬಟ್ಟೆ.

ಮೊದಲ ಹಾಸು ಟವೆಲ್. 2/20 (ಎರಡು ಎಳೆ ಹುರಿ ಮಾಡಿದ) ಹತ್ತಿ ನೂಲು, ಸಾದಾ ನೇಯ್ಗೆ, 22 ಇಂಚು ಅಗಲ, ಇಂಚಿಗೆ 24 ಎಳೆ. ಒಟ್ಟು 528 ಎಳೆ, 5 ಮೀಟರ್ ಉದ್ದ. ನಾಲ್ಕು ಟವೆಲ್ ಒಂದೇ ಉಸಿರಿನಲ್ಲಿ ನೇಯ್ದೆ. ಮಗ್ಗದ ಮೇಲೆ ಹಗುರವಾಗಿ, ಗಾಳಿಯಾಡುವ ಹಾಗೆ ಇತ್ತು. ಒಗೆದ ಮೇಲೆ ನೋಡಿದರೆ ನಾಲ್ಕೂ ಜಾಳು ಜಾಳು. ಬೆರಳಿನಿಂದ ತಳ್ಳಿದರೆ ಎಳೆ ಪಕ್ಕಕ್ಕೆ ಸರಿದು ಕಿಂಡಿ ಬೀಳುತ್ತದೆ. ಅಗಲ 22 ಹಾಕಿದ್ದು ಕೊನೆಗೆ 19ಕ್ಕೆ ಬಂತು, ಆದರೂ ಮೈ ತುಂಬಲಿಲ್ಲ. ಆಮೇಲೆ ಅದೇ ನೂಲನ್ನು ಸ್ಕೇಲಿನ ಮೇಲೆ ಒಂದು ಇಂಚು ಒತ್ತೊತ್ತಾಗಿ ಸುತ್ತಿ ಎಣಿಸಿದೆ. 64 ಸುತ್ತು ಬಂತು. ಸಾದಾ ನೇಯ್ಗೆಗೆ ಅದರ ಅರ್ಧ, ಅಂದರೆ 32 ಎಳೆ ಬೇಕಿತ್ತು. ಐದು ನಿಮಿಷದ ಕೆಲಸ. ಅದನ್ನು ಹಾಸು ಸುತ್ತುವ ಮೊದಲು ಮಾಡಬೇಕಿತ್ತು.

ಎರಡನೆಯದು ಉಣ್ಣೆಯ ಶಾಲು. ಒಂದೇ ಹಾಸಿನಲ್ಲಿ ಎರಡು, ಟ್ವಿಲ್ ನೇಯ್ಗೆ, 12 ಇಂಚು ಅಗಲ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ವರ್ಷದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಇಲ್ಲೇ.

ಮೊದಲ ಶಾಲನ್ನು ಬಿಸಿ ನೀರು, ಸೋಪು ಹಾಕಿ ಚೆನ್ನಾಗಿ ತಿಕ್ಕಿದೆ. ಎಣ್ಣೆ ಅಂಶ ಹೋಗಲಿ ಅಂತ. ಹೊರಗೆ ತೆಗೆದಾಗ ಎಂಟೂವರೆ ಇಂಚು ಇತ್ತು. ಟ್ವಿಲ್‌ನ ಓರೆ ಗೆರೆಗಳು ಮುಚ್ಚಿಹೋಗಿದ್ದವು. ಮಡಚಿದರೆ ರಟ್ಟಿನ ಹಾಗೆ ನಿಲ್ಲುತ್ತಿತ್ತು. ಉಣ್ಣೆಯ ನಾರಿನ ಮೈಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ನಾರುಗಳು ಒಂದೇ ದಿಕ್ಕಿಗೆ ಸರಿದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಹಿಂದಕ್ಕೆ ಬರುವುದಿಲ್ಲ. ಇದನ್ನು ಓದಿ ತಿಳಿದಿದ್ದೆ. ಕೈಗೆ ತಿಳಿದಿರಲಿಲ್ಲ.

ಎರಡನೇ ಶಾಲಿಗೆ ಉಗುರು ಬೆಚ್ಚಗಿನ ನೀರು ಹಾಕಿದೆ. ತಿಕ್ಕಲಿಲ್ಲ, ಅಂಗೈಯಿಂದ ಒತ್ತಿ ಒತ್ತಿ ಬಿಟ್ಟೆ. ಒಂದೊಂದು ನಿಮಿಷಕ್ಕೂ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಮೊದಲ ನಿಮಿಷ ಎಳೆಗಳ ನಡುವೆ ಬೆಳಕು ತೂರಿ ಬರುತ್ತಿತ್ತು. ಎರಡನೇ ನಿಮಿಷಕ್ಕೆ ನೂಲು ಉಬ್ಬಿ ಕಿಂಡಿಗಳು ಸಣ್ಣವಾದವು. ನಾಲ್ಕನೇ ನಿಮಿಷಕ್ಕೆ ಹೆಬ್ಬೆರಳಿನಿಂದ ಎಳೆ ಸರಿಸಲು ನೋಡಿದೆ. ಸರಿಯಲಿಲ್ಲ. ಮೈಮೇಲೆ ತೆಳ್ಳಗೆ ನಯವಾದ ರೋಮ ಎದ್ದಿತ್ತು, ಓರೆ ಗೆರೆ ಇನ್ನೂ ಸ್ಪಷ್ಟ ಕಾಣುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಒಣಗಿದ ಮೇಲೆ 10 ಇಂಚು. ಒಂದೇ ಹಾಸು, ಒಂದೇ ನೂಲು, ಒಂದೇ ಕೈ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಮನೆಯ ಬಟ್ಟೆಗಳ ಹಾಗಿವೆ.

ಮೂರನೆಯದು ಲಿನನ್ (ಅಗಸೆ ನಾರಿನ ನೂಲು), ಮೇಜಿನ ಹೊದಿಕೆ. ಹದಿನಾಲ್ಕು ಸಲ ಎಳೆ ಕಡಿಯಿತು, ಹದಿನಾಲ್ಕನ್ನೂ ಸೇರಿಸಿದೆ. ಒಗೆದ ಮೇಲೆ ಅಗಲ ಅಷ್ಟೇನೂ ಇಳಿಯಲಿಲ್ಲ, 16 ಇಂಚು ಹಾಕಿದ್ದು 15 ಆಯಿತು.

ನಾಲ್ಕನೆಯದು ಹತ್ತಿ ಮತ್ತು ಉಣ್ಣೆಯ ಪಟ್ಟೆ. ಎರಡನ್ನೂ ಒಂದೇ ಬೀಮಿಗೆ (ಹಾಸು ಸುತ್ತುವ ಉರುಳೆಗೆ) ಸುತ್ತಿದೆ. ಅದು ತಪ್ಪು ಅಂತ ಅರ್ಧ ನೇಯುವಷ್ಟರಲ್ಲೇ ಗೊತ್ತಾಯಿತು. ಉಣ್ಣೆ ಹಿಗ್ಗುತ್ತದೆ, ಹತ್ತಿ ಅಷ್ಟು ಹಿಗ್ಗುವುದಿಲ್ಲ. ಒಂದು ಪಟ್ಟೆ ಬಿಗಿ, ಒಂದು ಪಟ್ಟೆ ಸಡಿಲ. ಕೆಟ್ಟೇ ಹೋಯಿತು ಅಂದುಕೊಂಡು ಒಗೆದೆ. ಉಣ್ಣೆಯ ಪಟ್ಟೆಗಳು ಉದ್ದಕ್ಕೂ ಮುದುಡಿದವು. ನಡುವಿನ ಹತ್ತಿ ಪಟ್ಟೆಗಳಿಗೆ ಹೋಗಲು ಜಾಗವಿಲ್ಲದೆ ಉಬ್ಬಿ ಅಲೆ ಅಲೆಯಾಗಿ ಎದ್ದವು. ಇಳಿಸಿದಾಗ 72 ಇಂಚು ಉದ್ದ ಇದ್ದದ್ದು 58 ಆಯಿತು. ಮನೆಗೆ ಬಂದವರು ಮೊದಲು ಕೈ ಹಾಕುವುದೇ ಈ ಬಟ್ಟೆಗೆ. ನಾನು ಯೋಚಿಸಿ ಮಾಡಿದ್ದಲ್ಲ, ನೀರು ಮಾಡಿದ್ದು.

ಐದನೆಯದು ಎರಡು ಪದರದ ಕಂಬಳಿ, ಮಗ್ಗದ ಅಗಲಕ್ಕಿಂತ ದುಪ್ಪಟ್ಟು. ಆರನೆಯದು ಜೇನುಗೂಡಿನ ನೇಯ್ಗೆ. ಮಗ್ಗದ ಮೇಲೆ ಚಪ್ಪಟೆಯಾಗಿ ಇದ್ದದ್ದು ನೀರಿನಲ್ಲಿ ಗೂಡು ಗೂಡಾಗಿ ಎದ್ದು ನಿಂತಿತು. 24 ಇಂಚು 17ಕ್ಕೆ ಇಳಿಯಿತು, ನಾನು ಕನಿಷ್ಠ 20 ಅಂತ ಲೆಕ್ಕ ಹಾಕಿದ್ದೆ. ಏಳನೆಯದು ಬರೀ ಮಾದರಿ. ಉಪಯೋಗಕ್ಕೆ ಅಂತ ಏನೂ ನೇಯಲಿಲ್ಲ. ಒಂದೇ ಹಾಸಿನಲ್ಲಿ 28, 32, 36 ಎಳೆ ಮೂರು ಭಾಗ. ಮೂರನ್ನೂ ಒಗೆದು, ಕತ್ತರಿಸಿ, ನೋಟ್‌ಬುಕ್‌ಗೆ ಅಂಟಿಸಿದ್ದೇನೆ. ವರ್ಷದ ಕೆಲಸದಲ್ಲಿ ನನಗೆ ಅತಿ ಪ್ರೀತಿಯದು ಅದೇ ಮೂರು ತುಂಡು.

ನೀವು ಈ ವರ್ಷ ಏನು ನೇಯ್ದಿರಿ? ಒಗೆದ ಮೇಲೆ ಏನಾಯಿತು? ಅದನ್ನೂ ಹೇಳಿ.

ಕಂಡಿಕೆ:

ತುಂಬಾ ಚೆನ್ನಾಗಿ ಬರೆದಿದ್ದೀರಿ ಅಕ್ಕಾ. ಆದರೆ ಒಂದು ಮಾತು ಒಪ್ಪಲು ಆಗುತ್ತಿಲ್ಲ. ಇಡೀ ಹಾಸನ್ನು ಮಾದರಿಗೆ ಅಂತ ಕೊಟ್ಟುಬಿಡುವುದು ನನಗೆ ಹೊಟ್ಟೆ ಉರಿಯುವ ವಿಷಯ. ನೂಲು ದಂಡ, ಅದಕ್ಕಿಂತ ಜಾಸ್ತಿ ಸಮಯ ದಂಡ. ಹಾಸು ಸುತ್ತಿ, ಬೀಮಿಗೆ ಏರಿಸಿ, 500 ಎಳೆಯನ್ನು ಮೇಲೆ ಕೆಳಗೆ ಆಡಿಸುವ ಹೀಲ್ಡ್ ಕಣ್ಣಿಗೆ ಪೋಣಿಸಿ, ಹಣಿಗೆಗೆ (ಎಳೆಗಳನ್ನು ಅಂತರದಲ್ಲಿ ಹಿಡಿದು ಅಡ್ಡ ಎಳೆಯನ್ನು ಬಡಿಯುವ ಬಾಚಣಿಗೆಗೆ) ಎಳೆದು ಕಟ್ಟುವಷ್ಟರಲ್ಲಿ ನನಗೆ ಎರಡು ದಿನ ಹೋಗುತ್ತದೆ. ನೇಯುವುದು ಒಂದೇ ದಿನ. ಆ ಎರಡು ದಿನವನ್ನು ಮಾದರಿಗೆ ಹೇಗೆ ಕೊಡಲಿ? ನಾನು ಮೊದಲ ಟವೆಲನ್ನೇ ಮಾದರಿ ಅಂದುಕೊಳ್ಳುತ್ತೇನೆ.

ಹೊಕ್ಕುನೂಲು:

ನಿಮ್ಮ ಮಾತು ಸರಿ, ಪ್ರತಿ ಸಲವೂ ಬೇರೆ ಹಾಸು ಬೇಡ. ಆದರೆ ಮೊದಲ ಟವೆಲ್ ಮಾದರಿ ಆಗಬೇಕಾದರೆ ಅದನ್ನು ಕತ್ತರಿಸಿ, ಒಗೆದು ನೋಡಬೇಕು. ನೀವು ಹಾಗೆ ಮಾಡುತ್ತೀರಾ? ನಾನು ಮಾಡುತ್ತಿರಲಿಲ್ಲ. ನಾಲ್ಕೂ ಮುಗಿದ ಮೇಲೆ ಒಟ್ಟಿಗೆ ಒಗೆಯುತ್ತಿದ್ದೆ.

ಆ ಟವೆಲ್ ಹಾಸಿನ ಲೆಕ್ಕವನ್ನೇ ಹೇಳುತ್ತೇನೆ. 2/20 ಹತ್ತಿ ಒಂದು ಗ್ರಾಮಿಗೆ ಸುಮಾರು 17 ಮೀಟರ್ ಬರುತ್ತದೆ. ಹಾಸನ್ನು 40 ಸೆಂಟಿಮೀಟರ್ ಉದ್ದ ಮಾಡಿದರೆ, 528 ಎಳೆಗೆ 211 ಮೀಟರ್ ಜಾಸ್ತಿ. ತೂಕದಲ್ಲಿ 12, 13 ಗ್ರಾಂ. ಇಡೀ ಹಾಸಿಗೆ 156 ಗ್ರಾಂ ಆಗಿತ್ತು. ಅಷ್ಟು ಸೇರಿಸಿ ಮೊದಲ ಒಂದು ಗೇಣು ನೇಯ್ದು, ಕತ್ತರಿಸಿ, ಒಗೆದಿದ್ದರೆ ಜಾಳು ಅಂತ ಅವತ್ತೇ ಗೊತ್ತಾಗುತ್ತಿತ್ತು. ಹೀಲ್ಡ್ ಪೋಣಿಸಿದ್ದನ್ನು ಮುಟ್ಟುವುದೇ ಬೇಡ. ಹಣಿಗೆಯಿಂದ ಮಾತ್ರ ಎಳೆ ತೆಗೆದು, ಇಂಚಿಗೆ 32 ಬರುವ ಹಾಗೆ ಮತ್ತೆ ಹಾಕಿದರೆ ಆಯಿತು. ಅಗಲ 22ರ ಬದಲು ಹದಿನಾರೂವರೆ ಇಂಚು ಬರುತ್ತಿತ್ತು. ಸಣ್ಣ ಟವೆಲ್, ಆದರೆ ಗಟ್ಟಿ ಟವೆಲ್. ನಾಲ್ಕೂ ಉಳಿಯುತ್ತಿದ್ದವು.

ಕಂಡಿಕೆ:

ಹಣಿಗೆ ಮಾತ್ರ ಬದಲಿಸಿದರೆ ಸಾಕು ಅನ್ನುವುದು ನನಗೆ ಹೊಳೆದಿರಲಿಲ್ಲ. ಹೀಲ್ಡ್‌ನಿಂದಲೇ ಶುರು ಮಾಡಬೇಕು ಅಂದುಕೊಂಡಿದ್ದೆ. ಸರಿ, ಮುಂದಿನ ಹಾಸಿಗೆ ಒಂದು ಗೇಣು ಸೇರಿಸುತ್ತೇನೆ.

ಆರುಗೆರೆ:

ಸ್ಕೇಲಿಗೆ ಸುತ್ತಿ ಎಣಿಸುವುದು ಒಳ್ಳೆಯದೇ. ಆದರೆ ಸುತ್ತುವ ಕೈ ಬಿಗಿ ಇದ್ದರೆ ಒಂದು ಲೆಕ್ಕ, ಸಡಿಲ ಇದ್ದರೆ ಇನ್ನೊಂದು ಲೆಕ್ಕ ಬರುತ್ತದೆ. ನಾನು 19ನೇ ಶತಮಾನದ ಆಶೆನ್‌ಹರ್ಸ್ಟ್ ಸೂತ್ರವನ್ನೂ ಹಾಕಿ ನೋಡುತ್ತೇನೆ. ಒಂದು ಪೌಂಡ್ ನೂಲು ಎಷ್ಟು ಗಜ ಬರುತ್ತದೆ ಅಂತ ನೋಡಿ ಅದರ ವರ್ಗಮೂಲ ತೆಗೆದು 0.9ರಿಂದ ಗುಣಿಸಿದರೆ ಇಂಚಿಗೆ ಎಷ್ಟು ಸುತ್ತು ಅಂತ ಸಿಗುತ್ತದೆ. ಹತ್ತಿಗೆ ಒಂದು ನಂಬರ್ ಅಂದರೆ ಪೌಂಡಿಗೆ 840 ಗಜ. 2/20 ಅಂದರೆ 20ರ ಎರಡು ಎಳೆ ಹುರಿ ಮಾಡಿದ್ದು, ಲೆಕ್ಕಕ್ಕೆ 10. ಹಾಗಾಗಿ 8,400 ಗಜ. ವರ್ಗಮೂಲ 91.7, ಗುಣಿಸಿದರೆ 82. ಸಾದಾ ನೇಯ್ಗೆಗೆ ಅರ್ಧ, 41. ಇದು ತುಂಬುವಷ್ಟೂ ತುಂಬಿದ ಲೆಕ್ಕ, ಕೈಮಗ್ಗದಲ್ಲಿ ಹಾಗೆ ನೇಯಲು ಕಷ್ಟ. ನೂರಕ್ಕೆ 80ರಷ್ಟು ತೆಗೆದುಕೊಂಡರೆ 33. ನಿಮ್ಮ ಸ್ಕೇಲು 32 ಹೇಳಿದೆ. ಎರಡೂ ಅಕ್ಕಪಕ್ಕದಲ್ಲೇ ಇವೆ ನೋಡಿ.

ಟ್ವಿಲ್‌ಗೆ ಅರ್ಧ ಅಲ್ಲ, ಮೂರರಲ್ಲಿ ಎರಡು ಭಾಗ. ಟ್ವಿಲ್‌ನಲ್ಲಿ ಎಳೆಗಳು ಒಂದನ್ನೊಂದು ದಾಟುವುದು ಕಡಿಮೆ, ಹಾಗಾಗಿ ಒತ್ತಾಗಿ ಕೂರುತ್ತವೆ. ಸಾದಾ ನೇಯ್ಗೆಯ ಲೆಕ್ಕದಲ್ಲೇ ಟ್ವಿಲ್ ಹಾಕಿದರೆ ಅದೂ ಜಾಳಾಗುತ್ತದೆ. ಹೊಸಬರು ಬಹಳ ಜನ ಎಡವುವುದು ಇಲ್ಲೇ.

ಅಗಸೆನಾರು:

ಹದಿನಾಲ್ಕು ಎಳೆ ಕಡಿದ ಲಿನನ್ ಬಗ್ಗೆ ಎರಡೇ ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ನನಗೆ ಬೇಜಾರಾಯಿತು. ನಾನು ಲಿನನ್ ಬಿಟ್ಟು ಬೇರೆ ನೇಯುವುದೇ ಇಲ್ಲ. ಎಲ್ಲಿ ಕಡಿಯಿತು? ಅಂಚಿನಲ್ಲಾ, ನಡುವಿನಲ್ಲಾ?

ಹೊಕ್ಕುನೂಲು:

ಹೆಚ್ಚಿನವು ಅಂಚಿನಲ್ಲೇ ಸರ್. ಹಣಿಗೆ ಉಜ್ಜಿ ಉಜ್ಜಿ ಮೊದಲು ನೂಲು ರೋಮ ಬಿಟ್ಟುಕೊಂಡಿತು, ಆಮೇಲೆ ಕಡಿಯಿತು.

ಅಗಸೆನಾರು:

ಹಾಗಾದರೆ ಎರಡು ಕಾರಣ ಸೇರಿವೆ. ಒಂದು, ಬಟ್ಟೆ ಒಳಕ್ಕೆ ಎಳೆದುಕೊಂಡಿದೆ. ಹಣಿಗೆಯಲ್ಲಿ ಹಾಸು 16 ಇಂಚು ಅಗಲ ಇದ್ದು, ನೇಯ್ದ ಬಟ್ಟೆ ಅದಕ್ಕಿಂತ ಕಿರಿದಾದರೆ ಅಂಚಿನ ಎಳೆಗಳು ಓರೆಯಾಗಿ ನಿಲ್ಲುತ್ತವೆ. ಹಣಿಗೆಯ ಹಲ್ಲು ಪ್ರತಿ ಬಡಿತಕ್ಕೂ ಅವನ್ನೇ ಉಜ್ಜುತ್ತದೆ. ಹತ್ತಿ ಹಿಗ್ಗಿ ತಾಳಿಕೊಳ್ಳುತ್ತದೆ. ಲಿನನ್ ಹಿಗ್ಗುವುದಿಲ್ಲ, ಕಡಿಯುತ್ತದೆ.

ಎರಡು, ನೂಲು ಒಣಗಿದೆ. ಲಿನನ್ ಒದ್ದೆ ಇದ್ದಾಗ ಒಣಗಿದ್ದಕ್ಕಿಂತ ಗಟ್ಟಿ. ನಾನು ನೇಯುವ ಮೊದಲು ಹಾಸಿನ ಮೇಲೆ ನೀರು ಮಂಜಿನ ಹಾಗೆ ಚಿಮುಕಿಸುತ್ತೇನೆ. ಹೊಕ್ಕಿನ (ಅಡ್ಡಕ್ಕೆ ಹೋಗುವ ನೂಲಿನ) ಕಂಡಿಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತೇನೆ. ತೀರಾ ರೋಮ ಬಿಡುವ ನೂಲಾದರೆ ಅಗಸೆ ಬೀಜವನ್ನೇ ನೀರಿನಲ್ಲಿ ಕುದಿಸಿ, ಸೋಸಿ, ಆ ಲೋಳೆಯನ್ನು ತೆಳ್ಳಗೆ ಹಾಸಿಗೆ ಸವರುತ್ತೇನೆ. ನೂಲೂ ಅದೇ ಗಿಡದ್ದು, ಗಂಜಿಯೂ ಅದೇ ಗಿಡದ್ದು. ಒಗೆದರೆ ಪೂರ್ತಿ ಹೋಗುತ್ತದೆ.

ಇನ್ನು ಒಗೆದ ಮೇಲಿನ ಮಾತು. ಮೊದಲ ಒಗೆತಕ್ಕೆ ಲಿನನ್ ಬಗ್ಗೆ ತೀರ್ಮಾನ ಮಾಡಬೇಡಿ. ಕಾಗದದ ಹಾಗೆ ಗರಿಗರಿ ಇರುತ್ತದೆ. ಇನ್ನೂ ತೇವ ಇರುವಾಗಲೇ ಜೋರಾಗಿ ಇಸ್ತ್ರಿ ಮಾಡಿ. ಹತ್ತು ಸಲ ಒಗೆಯಿರಿ. ಆಮೇಲೆ ಕೈಗೆ ತೆಗೆದುಕೊಳ್ಳಿ. ನಿಮ್ಮ ಮೂರು ಅಳತೆ ಜೊತೆಗೆ ಲಿನನ್‌ಗೆ ಮಾತ್ರ ನಾಲ್ಕನೆಯದೊಂದು ಬೇಕು, ಆರು ತಿಂಗಳಾದ ಮೇಲೆ.

ಹೊಸ ಎಳೆ:

ನಾನು ನೇಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಎಲ್ಲರೂ ಬರೆದದ್ದನ್ನು ಎರಡೆರಡು ಸಲ ಓದಿದೆ. ನನ್ನದೂ ಒಂದು ಪ್ರಶ್ನೆ ಇದೆ. ಸಾದಾ ನೇಯ್ಗೆಯಲ್ಲಿ ಅಂಚು ಚೆನ್ನಾಗಿ ಬರುತ್ತದೆ. ಟ್ವಿಲ್ ಹಾಕಿದರೆ ಒಂದು ಪಕ್ಕದ ಕೊನೇ ಎಳೆ ಹೊಕ್ಕಿಗೆ ಸಿಗುವುದೇ ಇಲ್ಲ, ಸುಮ್ನೆ ಹೊರಗೆ ನೇತಾಡುತ್ತದೆ. ಇನ್ನೊಂದು, ಬಟ್ಟೆ ನೇಯುತ್ತಾ ಹೋದ ಹಾಗೆ ಕಿರಿದಾಗುತ್ತದೆ. ಶುರುವಿನಲ್ಲಿ 10 ಇಂಚು, ಕೊನೆಯಲ್ಲಿ ಎಂಟೂವರೆ. ಅಗಸೆನಾರು ಸರ್ ಹೇಳಿದ್ದು ಇದೇ ಅಲ್ವಾ?

ಎಡಗೈ ಲಾಳಿ:

ಹೌದು, ಅದೇ. ಹೊಕ್ಕನ್ನು ಎಳೆದು ನೇರವಾಗಿ ಇಟ್ಟು ಹಣಿಗೆ ಬಡಿಯುತ್ತಿದ್ದೀರಿ. ಹೊಕ್ಕಿನ ಎಳೆ ನೇರವಾಗಿ ಹೋಗುವುದಿಲ್ಲ, ಪ್ರತಿ ಹಾಸಿನ ಎಳೆಯ ಮೇಲೆ ಕೆಳಗೆ ಏರಿ ಇಳಿದು ಹೋಗುತ್ತದೆ. ಅದಕ್ಕೆ ಬೇಕಾದ ಉದ್ದವನ್ನು ನೀವು ಕೊಡದಿದ್ದರೆ ಅದು ಅಂಚನ್ನು ಒಳಗೆ ಎಳೆದು ತೆಗೆದುಕೊಳ್ಳುತ್ತದೆ. ಹೊಕ್ಕನ್ನು ಒಯ್ಯುವ ಲಾಳಿ ದಾಟಿಸಿದ ಮೇಲೆ ಹೊಕ್ಕನ್ನು ಓರೆಯಾಗಿ, ಇಲ್ಲವೇ ಸಣ್ಣ ಗುಡ್ಡದ ಹಾಗೆ ಬಿಟ್ಟು, ಆಮೇಲೆ ಬಡಿಯಿರಿ. ಅಂಚಿನ ಹತ್ತಿರ ಮಾತ್ರ ನೂಲು ಕುಣಿಕೆ ಬೀಳದಂತೆ ನೋಡಿಕೊಳ್ಳಿ.

ಕೊನೇ ಎಳೆ ಸಿಗದಿರುವುದು ನಿಮ್ಮ ತಪ್ಪಲ್ಲ. ಟ್ವಿಲ್‌ನ ಪೆಡಲ್ ಕ್ರಮವೇ ಹಾಗೆ. ಎರಡೂ ಪಕ್ಕ ಒಂದೊಂದು ಎಳೆಯನ್ನು ಹೀಲ್ಡ್ ಕಣ್ಣಿಗೆ ಹಾಕದೆ, ಹಣಿಗೆಯಲ್ಲಿ ಮಾತ್ರ ಎಳೆಯಿರಿ. ಅದು ಮೇಲೂ ಹೋಗುವುದಿಲ್ಲ, ಕೆಳಗೂ ಹೋಗುವುದಿಲ್ಲ, ನಡುವೆ ನಿಂತಿರುತ್ತದೆ. ಲಾಳಿ ಒಳಗೆ ಹೋಗುವಾಗ ಆ ಎಳೆಯ ಮೇಲಿಂದ, ಹೊರಗೆ ಬರುವಾಗ ಇನ್ನೊಂದು ಪಕ್ಕದ ಎಳೆಯ ಕೆಳಗಿಂದ. ಯಾವಾಗಲೂ ಹೀಗೇ. ಹತ್ತು ನಿಮಿಷದಲ್ಲಿ ಕೈಗೆ ರೂಢಿ ಆಗುತ್ತದೆ.

ಎಂಟು ಶಾಫ್ಟ್:

ನಾನು ಆ ನಿಂತ ಎಳೆಯನ್ನು ಬಿಟ್ಟು ಎರಡು ವರ್ಷ ಆಯಿತು. ಲಾಳಿಯ ಓಟ ತಡೆಯುತ್ತದೆ. ಎಷ್ಟೋ ಸಲ ಲಾಳಿಯನ್ನು ಇನ್ನೊಂದು ಪಕ್ಕದಿಂದ ಶುರು ಮಾಡಿದರೆ ಕೊನೇ ಎಳೆ ತಾನಾಗಿ ಸಿಗುತ್ತದೆ, ಅದನ್ನು ಮೊದಲು ನೋಡಿ. ಸಿಗದಿದ್ದರೆ ಮಾತ್ರ ಎಡಗೈ ಲಾಳಿಯವರು ಹೇಳಿದ ಹಾಗೆ ಮಾಡಿ. ಆ ಎಳೆಗಳನ್ನು ಬೀಮಿಗೆ ಸುತ್ತಬೇಡಿ, ಮಗ್ಗದ ಹಿಂದೆ ಬೇರೆಯಾಗಿ ತೂಕ ಕಟ್ಟಿ ನೇತುಹಾಕಿ. ಅದು ಬಾಗುವ ಅಳತೆ ಬೇರೆ ಎಳೆಗಳ ಹಾಗಿರುವುದಿಲ್ಲ, ಬೀಮಿನಲ್ಲಿದ್ದರೆ ಅದರ ಬಿಗಿ ಉಳಿದವಕ್ಕೆ ಹೊಂದುವುದಿಲ್ಲ.

ಹೊಕ್ಕುನೂಲು ಅಕ್ಕಾ, ಕಂಬಳಿ ವಿಷಯ ಪೂರ್ತಿ ಹೇಳಿ. ದುಪ್ಪಟ್ಟು ಅಗಲ ಹಾಕಬೇಕು ಅಂತ ನಾನೂ ಬಹಳ ದಿನದಿಂದ ಕಾಯುತ್ತಿದ್ದೇನೆ. ನನ್ನ ಮಗ್ಗ 32 ಇಂಚು ಅಷ್ಟೇ.

ಹೊಕ್ಕುನೂಲು:

ನನ್ನ ಮಗ್ಗದ ಹಣಿಗೆ 36 ಇಂಚು. ಒಂದು ಪದರಕ್ಕೆ ಇಂಚಿಗೆ 8 ಎಳೆ, ಎರಡು ಪದರಕ್ಕೆ 16. ಒಟ್ಟು 576 ಎಳೆ ಉಣ್ಣೆ. ಮೇಲಿನ ಪದರ ಒಂದು ಸಲ, ಕೆಳಗಿನ ಪದರ ಎರಡು ಸಲ, ಮತ್ತೆ ಮೇಲಿನದು ಒಂದು ಸಲ. ಹೀಗೆ ಹೋದರೆ ಒಂದು ಪಕ್ಕ ತೆರೆದಿರುತ್ತದೆ, ಇನ್ನೊಂದು ಪಕ್ಕ ಮಡಿಕೆಯಾಗಿ ಸೇರಿರುತ್ತದೆ. ಬಿಚ್ಚಿದರೆ ಲೆಕ್ಕಕ್ಕೆ 72 ಇಂಚು.

ಹಿಂದೆ ಒಬ್ಬ ನೇಕಾರನ ಕೈ ಎಷ್ಟು ದೂರ ಹೋಗುತ್ತದೋ ಅಷ್ಟೇ ಅಗಲ ಬಟ್ಟೆ. ಅದಕ್ಕಿಂತ ಅಗಲ ಬೇಕಾದರೆ ಇಬ್ಬರು ಕೂರಬೇಕಿತ್ತು. 1733ರಲ್ಲಿ ಜಾನ್ ಕೇ ಹಾರುವ ಲಾಳಿ ಮಾಡಿದ ಮೇಲೆ ಅಗಲದ ಬಟ್ಟೆಯನ್ನೂ ಒಬ್ಬರೇ ನೇಯಬಹುದು ಅಂತಾಯಿತು. ನನ್ನ ಮಗ್ಗದಲ್ಲಿ ಅದಿಲ್ಲ, ಲಾಳಿಯನ್ನು ಕೈಯಿಂದಲೇ ತೂರಿಸುತ್ತೇನೆ. ಹಾಗಾಗಿ ಮಡಿಕೆಯ ದಾರಿ ಹಿಡಿದೆ.

ಕಷ್ಟ ಏನು ಅಂದರೆ, ಕೆಳಗಿನ ಪದರ ಕಾಣುವುದಿಲ್ಲ. ಕಾಲು ಭಾಗ ನೇಯ್ದ ಮೇಲೆ ಸುಮ್ನೆ ಬಗ್ಗಿ ಕೈಯಾಡಿಸಿದೆ. ಏನೋ ಉದ್ದಕ್ಕೆ ನೇತಾಡುತ್ತಿತ್ತು. ಒಂದು ಎಳೆ ಎಲ್ಲೂ ಸಿಕ್ಕಿಕೊಳ್ಳದೆ ಇಡೀ ಹತ್ತೊಂಬತ್ತು ಇಂಚು ಹಾಗೇ ತೇಲಿ ಬಂದಿತ್ತು. ಆ ಎಳೆಯನ್ನು ತಪ್ಪು ಶಾಫ್ಟಿನ (ಹೀಲ್ಡ್‌ಗಳ ಚೌಕಟ್ಟಿನ) ಹೀಲ್ಡ್‌ಗೆ ಪೋಣಿಸಿದ್ದೆ. ಅಲ್ಲೇ ಹೀಲ್ಡ್ ಸರಿ ಮಾಡಿದೆ. ನೇಯ್ದಾಗಿದ್ದ ಭಾಗವನ್ನು ಇಳಿಸಿದ ಮೇಲೆ ಸೂಜಿ ಹಿಡಿದು, ಪಕ್ಕದ ಎಳೆ ಹೋದ ದಾರಿ ನೋಡಿಕೊಂಡು, ಮೇಲೆ ಕೆಳಗೆ ಒಂದೊಂದಾಗಿ ನೇಯ್ದೆ. ಎರಡು ಸಂಜೆ ಹಿಡಿಯಿತು. ಒಗೆಯುವ ಮೊದಲೇ ಮಾಡಬೇಕು, ಒಗೆದರೆ ಎಳೆಗಳು ಕೂಡಿಕೊಂಡು ದಾರಿ ಸಿಗುವುದಿಲ್ಲ. ಅವತ್ತಿನಿಂದ ಒಂದು ಸಣ್ಣ ಕನ್ನಡಿ ಮಗ್ಗದ ಕೆಳಗೆ ಇಟ್ಟಿದ್ದೇನೆ. ಹತ್ತು ಹೊಕ್ಕಿಗೊಂದು ಸಲ ಟಾರ್ಚ್ ಹಾಕಿ ನೋಡುತ್ತೇನೆ.

ಇನ್ನೊಂದು, ಮಡಿಕೆ ಬರುವ ಕಡೆ ಎಳೆ ಒತ್ತಾಗಿ, ಬಿಚ್ಚಿದಾಗ ಬಟ್ಟೆಯ ನಡುವೆ ಗಾಢವಾದ ಗೆರೆ ಬೀಳುತ್ತದೆ. ಅದಕ್ಕೆ ಮೀನು ಹಿಡಿಯುವ ದಪ್ಪ ನೈಲಾನ್ ದಾರ ಒಂದನ್ನು ಮಡಿಕೆಯ ಹೊರಗೆ, ಹಣಿಗೆಯ ಮೂಲಕ ಹಾಯಿಸಿ ಬಿಗಿಯಾಗಿ ಕಟ್ಟಬೇಕು. ಹೊಕ್ಕು ಅದನ್ನು ಸುತ್ತಿಕೊಂಡು ತಿರುಗುತ್ತದೆ, ಒಳಕ್ಕೆ ಎಳೆಯಲು ಆಗುವುದಿಲ್ಲ. ಬಟ್ಟೆ ಮುಂದೆ ಸರಿದ ಹಾಗೆ ದಾರ ಜಾರಿ ಹೊರಬರುತ್ತದೆ. ನಾನು ಇದನ್ನು ಅರ್ಧ ನೇಯ್ದ ಮೇಲೆ ಹಾಕಿದೆ. ಹಾಗಾಗಿ ನನ್ನ ಕಂಬಳಿಯ ಒಂದು ಅರ್ಧದಲ್ಲಿ ಗೆರೆ ಇದೆ, ಇನ್ನೊಂದು ಅರ್ಧದಲ್ಲಿ ಇಲ್ಲ. ಎಲ್ಲಿ ಹಾಕಿದೆ ಅಂತ ಬೆರಳಿಟ್ಟು ತೋರಿಸಬಹುದು. ಇಳಿಸಿದಾಗ 68 ಇಂಚು, ಒಗೆದ ಮೇಲೆ 62. ಉಣ್ಣೆ ಆದ್ದರಿಂದ ಒಗೆತದಲ್ಲಿ ಗೆರೆ ಅರ್ಧ ಮಾಸಿತು.

ಎಂಟು ಶಾಫ್ಟ್:

ಕನ್ನಡಿಯ ಉಪಾಯ ಬರೆದಿಟ್ಟುಕೊಂಡೆ. ದಾರ ಮೊದಲ ಹೊಕ್ಕಿನಿಂದಲೇ ಹಾಕುತ್ತೇನೆ.

ಆರುಗೆರೆ:

ಆ ಪಟ್ಟೆ ಬಟ್ಟೆ ಮತ್ತೆ ನೇಯುತ್ತೀರಾ? ನೀರು ಮಾಡಿದ್ದು ಅಂದಿರಿ. ಎರಡನೇ ಸಲ ನೀವೇ ಮಾಡಬೇಕಲ್ಲ. ಜರ್ಮನಿಯ ಬಾವ್‌ಹೌಸ್ ಕಲಾಶಾಲೆಯಲ್ಲಿ ನೇಯ್ಗೆ ಕಲಾವಿದೆ ಆನಿ ಆಲ್ಬರ್ಸ್ 1930ರಲ್ಲಿ ಡಿಪ್ಲೊಮಾ ಪಡೆದದ್ದು ಒಂದು ಸಭಾಂಗಣದ ಗೋಡೆಗೆ ನೇಯ್ದ ಬಟ್ಟೆಗೆ. ಒಂದು ಮುಖದಲ್ಲಿ ಬೆಳಕನ್ನು ಹಿಂದಕ್ಕೆ ಕಳಿಸಲು ಸೆಲ್ಲೋಫೇನ್, ಇನ್ನೊಂದು ಮುಖದಲ್ಲಿ ಶಬ್ದ ಹೀರಲು ಹತ್ತಿ. ಎರಡು ವಸ್ತು, ಎರಡು ಗುಣ, ಎರಡನ್ನೂ ಬೇಕಂತಲೇ ಸೇರಿಸಿದ್ದು. ನಿಮ್ಮ ಹತ್ತಿ ಉಣ್ಣೆ ಓದುವಾಗ ಅದೇ ನೆನಪಾಯಿತು.

ಹೊಕ್ಕುನೂಲು:

ನೇಯುತ್ತೇನೆ. ಎಂಟನೇ ಹಾಸು ಅದೇ. ಈ ಸಲ ಉಣ್ಣೆ ಒಂದು ಬೀಮಿಗೆ, ಹತ್ತಿಯನ್ನು ಬೇರೆಯಾಗಿ ಸುತ್ತಿ ಹಿಂದೆ ತೂಕ ಕಟ್ಟಿ ಬಿಡುತ್ತೇನೆ. ನೇಯುವಾಗ ಎರಡೂ ಸಮ ಇರಬೇಕು, ಒಗೆಯುವಾಗ ಮಾತ್ರ ಬೇರೆಯಾಗಬೇಕು. ಪಟ್ಟೆ ಎಷ್ಟು ಅಗಲ ಇರಬೇಕು ಅನ್ನುವುದೇ ಪ್ರಶ್ನೆ. ಹೋದ ಸಲ ಎರಡೂ ಒಂದು ಇಂಚು ಇದ್ದವು. ಹತ್ತಿ ಪಟ್ಟೆ ತೀರಾ ಕಿರಿದಾದರೆ ಉಬ್ಬಲು ಜಾಗ ಸಿಗುವುದಿಲ್ಲ. ತೀರಾ ಅಗಲವಾದರೆ ನಡುವೆ ಜೋತು ಬೀಳುತ್ತದೆ ಅಂತ ನನ್ನ ಅಂದಾಜು. ಮಾದರಿಯಲ್ಲಿ ಅರ್ಧ ಇಂಚು, ಒಂದು ಇಂಚು, ಎರಡು ಇಂಚು ಮೂರೂ ಹಾಕುತ್ತೇನೆ.

ಹೊಸ ಎಳೆ:

ಎಲ್ಲರಿಗೂ ಥ್ಯಾಂಕ್ಸ್. ಲಾಳಿ ಇನ್ನೊಂದು ಪಕ್ಕದಿಂದ ಶುರು ಮಾಡಿದೆ, ಎಳೆ ಸಿಕ್ಕಿತು! ಹೊಕ್ಕನ್ನು ಗುಡ್ಡದ ಹಾಗೆ ಬಿಡುವುದು ಇನ್ನೂ ಅಭ್ಯಾಸ ಆಗಿಲ್ಲ. ಆದರೆ 10 ಇಂಚು ಈಗ ಒಂಬತ್ತೂಮುಕ್ಕಾಲಿಗೆ ನಿಂತಿದೆ.

ಇನ್ನೊಂದು ವಿಷಯ ಹೇಳಬೇಕು. ನಾಲ್ಕು ತಿಂಗಳಲ್ಲಿ ನೇಯ್ದ ಯಾವುದನ್ನೂ ನಾನು ಒಗೆದಿರಲಿಲ್ಲ. ಹಾಳಾಗುತ್ತದೆ ಅಂತ ಹೆದರಿಕೆ, ಮಡಚಿ ಕಪಾಟಿನಲ್ಲಿ ಇಟ್ಟಿದ್ದೆ. ನಿನ್ನೆ ಮೊದಲ ಬಟ್ಟೆಯನ್ನು ತೆಗೆದು ನೀರಿಗೆ ಹಾಕಿದೆ. ಹತ್ತಿ, ಸಾದಾ ನೇಯ್ಗೆ. ಹಣಿಗೆ ಬಡಿದಲ್ಲೆಲ್ಲ ಹೆಚ್ಚು ಕಡಿಮೆ ಆಗಿ ಗೆರೆ ಗೆರೆ ಇತ್ತು. ಒಣಗಿದ ಮೇಲೆ ಅರ್ಧದಷ್ಟು ಗೆರೆ ಕಾಣಲಿಲ್ಲ. ಮೆತ್ತಗಾಗಿದೆ. ನಾನೇ ನೇಯ್ದದ್ದು ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಹೊಕ್ಕುನೂಲು:

ತುಂಬಾ ಖುಷಿಯಾಯಿತು. ಕಪಾಟಿನಲ್ಲಿ ಇರುವ ಉಳಿದವನ್ನೂ ಒಗೆಯಿರಿ, ಆದರೆ ಒಟ್ಟಿಗೆ ಅಲ್ಲ. ಒಂದೊಂದಾಗಿ. ಪ್ರತಿಯೊಂದನ್ನೂ ನೀರಿಗೆ ಹಾಕುವ ಮೊದಲು ಅಳೆದು ಬರೆದುಕೊಳ್ಳಿ, ಒಣಗಿದ ಮೇಲೆ ಮತ್ತೆ ಅಳೆಯಿರಿ. ಉಣ್ಣೆಯದು ಏನಾದರೂ ಇದ್ದರೆ ಕೊನೆಗೆ ಇಟ್ಟುಕೊಳ್ಳಿ.

ಹೊಸ ಎಳೆ:

ಒಂದು ಉಣ್ಣೆಯ ಮಫ್ಲರ್ ಇದೆ ಅಕ್ಕಾ. ಟ್ವಿಲ್. ಏಳೂವರೆ ಇಂಚು ಅಗಲ. ಎಷ್ಟು ನಿಮಿಷ?

ಹೊಕ್ಕುನೂಲು:

ನಿಮಿಷ ನನ್ನ ನೂಲಿನದು, ನಿಮ್ಮದು ಬೇರೆ ಇರಬಹುದು. ಉಗುರು ಬೆಚ್ಚಗಿನ ನೀರು, ಸೋಪು ಸ್ವಲ್ಪ, ತಿಕ್ಕಬೇಡಿ, ಒತ್ತಿ ಬಿಡಿ. ಒಂದು ನಿಮಿಷಕ್ಕೊಂದು ಸಲ ಎತ್ತಿ ಬೆಳಕಿಗೆ ಹಿಡಿಯಿರಿ. ಹೆಬ್ಬೆರಳಿನಿಂದ ಎಳೆ ಸರಿಸಲು ನೋಡಿ. ಸರಿಯುವುದು ನಿಂತ ಕೂಡಲೇ ಹೊರಗೆ ತೆಗೆದುಬಿಡಿ. ಸೋಪು ತೆಗೆಯಲು ಜಾಲಾಡುವ ನೀರೂ ಅಷ್ಟೇ ಬೆಚ್ಚಗಿರಲಿ, ಒಮ್ಮೆಲೇ ತಣ್ಣೀರಿಗೆ ಹಾಕಬೇಡಿ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿ. ಅಳತೆ ಬರೆಯುವುದನ್ನು ಮರೆಯಬೇಡಿ.